ಪದ ಪರಿಚಯ: ಕಮಿಟ್‌ಮೆಂಟ್ ಪ್ರಾಬ್ಲಮ್, ಅಂದರೆ ಕೊಟ್ಟ ಮಾತಿನ ತೊಡಕು

ಜೂನ್ 1 ಬಂತೆಂದರೆ ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತುಬಿಡುತ್ತವೆ. ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಈಗ ಬಲೆ ಹಾಕದಿದ್ದರೆ ಮುಂದೆ ಮೀನು ಜಾಸ್ತಿ ಸಿಗುತ್ತದೆ ಎನ್ನುವುದು ಬೋಟಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಿದ್ದರೆ ಸರ್ಕಾರದ ಆದೇಶ ಯಾಕೆ? ತಾವೇ ಕೂತು ಮಾತಾಡಿಕೊಂಡರೆ ಆಗದೇ? ಕಷ್ಟ. 'ನಾನು ದಡದಲ್ಲಿ ಕೂತಿರುವಾಗ ಅವನು ರಾತ್ರೋರಾತ್ರಿ ಹೊರಟುಬಿಟ್ಟರೆ?' ಎಂಬ ಅಂಜಿಕೆ ಒಬ್ಬನಿಗೆ ಬಂದರೂ ಸಾಕು.

ಈ ಅಂಜಿಕೆಗೆ ಗೇಮ್ ಥಿಯರಿಯಲ್ಲಿ ಕಮಿಟ್‌ಮೆಂಟ್ ಪ್ರಾಬ್ಲಮ್ ಎನ್ನುತ್ತಾರೆ. ನಾನು 'ಕೊಟ್ಟ ಮಾತಿನ ತೊಡಕು' ಎನ್ನುತ್ತೇನೆ. ಇವತ್ತು ಮನಸಾರೆ ಮಾತು ಕೊಟ್ಟಿರಬಹುದು. ನಾಳೆ ಅದನ್ನು ಮುರಿದರೆ ಲಾಭ ಇದೆ, ತಡೆಯುವವರು ಯಾರೂ ಇಲ್ಲ ಎಂದಾದರೆ ಎದುರಿನವನು ನಂಬುವುದು ಹೇಗೆ?

ಗೇಮ್ ಥಿಯರಿ ಎಂದರೆ, ನನ್ನ ಲಾಭ ನಷ್ಟ ನೀನು ಏನು ಮಾಡುತ್ತೀಯ ಎನ್ನುವುದರ ಮೇಲೂ ನಿಂತಿರುವಾಗ ಇಬ್ಬರೂ ಏನು ಮಾಡಬಹುದು ಎಂದು ಲೆಕ್ಕ ಹಾಕುವ ಗಣಿತ. ಜಾನ್ ವಾನ್ ನ್ಯೂಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ 1944ರಲ್ಲಿ ಇದಕ್ಕೆ ಪುಸ್ತಕದ ರೂಪ ಕೊಟ್ಟರು. ಬೆದರಿಕೆ, ಯುದ್ಧಗಳನ್ನು ಇದರ ಮೂಲಕ ನೋಡಿದ ಥಾಮಸ್ ಶೆಲಿಂಗ್ ಅವರಿಗೆ 2005ರಲ್ಲಿ ನೊಬೆಲ್ ಬಂತು.

ರಾಜಕೀಯ ಹಿಂಸೆ ನಡೆದಾಗ 'ಅವರಿಗೆ ಹುಚ್ಚು ಹಿಡಿದಿದೆ' ಎಂದು ನಾವು ಸುಮ್ನೆ ಹೇಳಿಬಿಡುತ್ತೇವೆ, ಅಲ್ವಾ? ಅಮೆರಿಕದ ರಾಜ್ಯಶಾಸ್ತ್ರಜ್ಞ ಜೇಮ್ಸ್ ಫಿಯರನ್ 1995ರಲ್ಲಿ ಬೇರೆಯೇ ಪ್ರಶ್ನೆ ಕೇಳಿದರು. ಯುದ್ಧ ಇಬ್ಬರಿಗೂ ನಷ್ಟ. ಕಾದಾಡಿ ಕೊನೆಗೆ ಹಂಚಿಕೊಳ್ಳುವುದನ್ನು ಮೊದಲೇ ಹಂಚಿಕೊಂಡಿದ್ದರೆ ಅಷ್ಟು ಜೀವ ಉಳಿಯುತ್ತಿತ್ತು. ಯಾಕೆ ಹಂಚಿಕೊಳ್ಳುವುದಿಲ್ಲ? ಅವರು ಕೊಟ್ಟ ಕಾರಣಗಳಲ್ಲಿ ಒಂದು, ಈ ಕೊಟ್ಟ ಮಾತಿನ ತೊಡಕು.

ಒಂದೇ ದೇಶದೊಳಗಿನ ಜಗಳದಲ್ಲಿ ಇದು ಇನ್ನೂ ಬಿಗಿ. ರಾಜಿಯಾದ ಮೇಲೆ ಎರಡು ದೇಶಗಳ ಸೈನ್ಯ ತಮ್ಮ ತಮ್ಮ ಗಡಿಗೆ ಮರಳಬಹುದು. ಬಂಡುಕೋರರು ಹಾಗಲ್ಲ, ಬಂದೂಕು ಕೆಳಗಿಟ್ಟು ಅದೇ ಸರ್ಕಾರದ ಕೈಕೆಳಗೆ ಬದುಕಬೇಕು. ಕೊಲಂಬಿಯಾದಲ್ಲಿ ಫಾರ್ಕ್ ಎಂಬ ಬಂಡುಕೋರ ಪಡೆಯ ಗೆರಿಲ್ಲಾಗಳ ಜೊತೆ ಸರ್ಕಾರ ನಡೆಸಿದ ಶಾಂತಿ ಮಾತುಕತೆಯ ಫಲವಾಗಿ 1985ರಲ್ಲಿ ಯೂನಿಯನ್ ಪ್ಯಾಟ್ರಿಯೋಟಿಕಾ ಎಂಬ ಪಕ್ಷ ಹುಟ್ಟಿತು. ಚುನಾವಣೆಗೂ ನಿಂತಿತು. ಮುಂದಿನ ವರ್ಷಗಳಲ್ಲಿ ಅದರ ಸಾವಿರಾರು ಜನರನ್ನು ಕೊಂದರು. ಅದರಿಂದ ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಂತ ಇಬ್ಬರನ್ನೂ ಬಿಡಲಿಲ್ಲ, ಒಬ್ಬರನ್ನು 1987ರಲ್ಲಿ, ಇನ್ನೊಬ್ಬರನ್ನು 1990ರಲ್ಲಿ. ಇದನ್ನು ಕಣ್ಣಾರೆ ಕಂಡ ಗೆರಿಲ್ಲಾ ಇನ್ನೊಂದು ಸಲ ಬಂದೂಕು ಯಾಕೆ ಕೊಟ್ಟಾನು? ಅವನು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಅವನ ಅಂಜಿಕೆಗೆ ಕಾರಣ ಇತ್ತು, ಅಷ್ಟೇ.

1940ರಿಂದ 1990ರವರೆಗಿನ ಅಂತರ್ಯುದ್ಧಗಳನ್ನು ನೋಡಿದ ರಾಜ್ಯಶಾಸ್ತ್ರಜ್ಞೆ ಬಾರ್ಬರಾ ವಾಲ್ಟರ್ ಹೇಳಿದ್ದೂ ಇದೇ. ಹೊರಗಿನವರೊಬ್ಬರು ಎರಡೂ ಕಡೆಯ ಜೀವಕ್ಕೆ ಜಾಮೀನು ನಿಂತ ಕಡೆ ರಾಜಿ ಹೆಚ್ಚಾಗಿ ಉಳಿಯಿತು. ಬೈತಖೋಲಿನಲ್ಲಿ ಸರ್ಕಾರದ ಆದೇಶ ಮಾಡುವ ಕೆಲಸ ಅದು. 2016ರಲ್ಲಿ ಕೊಲಂಬಿಯಾದಲ್ಲಿ ಮತ್ತೆ ಒಪ್ಪಂದವಾದಾಗ ಬಂದೂಕುಗಳು ಸರ್ಕಾರದ ಕೈಗೆ ಹೋಗಲಿಲ್ಲ. 2017ರಲ್ಲಿ ವಿಶ್ವಸಂಸ್ಥೆಯವರು ಅವನ್ನು ಎಣಿಸಿ ತಮ್ಮ ಕಂಟೇನರ್‌ಗಳಲ್ಲಿ ಇಟ್ಟರು.

ದ್ವೇಷ, ಜಾತಿ, ಧರ್ಮ, ಹಳೆಯ ಗಾಯಗಳು ಈ ಲೆಕ್ಕದಲ್ಲಿ ಪೂರ್ತಿ ಹಿಡಿಸುವುದಿಲ್ಲ. ಜಾಮೀನು ಸಿಕ್ಕಿತೆಂದು ತೊಡಕು ಬಿಡಿಸಿಹೋಗುವುದೂ ಇಲ್ಲ. ಕೊಲಂಬಿಯಾದ ಆ 2016ರ ಒಪ್ಪಂದವನ್ನು ನಂಬಿ ಬಂದೂಕು ಬಿಟ್ಟವರಲ್ಲಿ 300ಕ್ಕೂ ಹೆಚ್ಚು ಜನರನ್ನು ಆಮೇಲೆ ಕೊಲ್ಲಲಾಗಿದೆ.