ಕಾರು ಓಡಿದ್ದು ಕಡಿಮೆ, ಟೈರಿಗೆ ಏಳು ವರ್ಷ: ಮಳೆಗಾಲಕ್ಕೆ ಮುಂಚೆ ಬದಲಾಯಿಸಬೇಕೇ?

ಪ್ರಶ್ನೆ: ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಕಾಫಿ ತೋಟ. ಕಾರು ತಗೊಂಡು ಏಳು ವರ್ಷವಾಯಿತು, ಓಡಿರುವುದು 28,000 ಕಿಲೋಮೀಟರ್ ಅಷ್ಟೇ. ಸಂತೆ, ಮದುವೆ, ಆಸ್ಪತ್ರೆ ಬಿಟ್ಟರೆ ಶೆಡ್ಡಿನಲ್ಲೇ ನಿಂತಿರುತ್ತದೆ. ಟೈರಿನ ಬಟನ್ (ನೆಲಕ್ಕೆ ತಾಗುವ ಉಬ್ಬು ಅಚ್ಚು) ಚೆನ್ನಾಗಿಯೇ ಇದೆ. ಆದರೂ ಟೈರ್ ಅಂಗಡಿಯವರು ಮಳೆ ಹಿಡಿಯುವ ಮುಂಚೆ ನಾಲ್ಕೂ ಬದಲಾಯಿಸಿ ಅನ್ನುತ್ತಾರೆ. ವ್ಯಾಪಾರಕ್ಕೆ ಹೇಳುವ ಮಾತೋ, ನಿಜವಾಗಿಯೂ ಬೇಕೋ?

ಉತ್ತರ: ಅಂಗಡಿಯವರ ಮಾತಿನಲ್ಲಿ ನ್ಯಾಯವಿದೆ. ಟೈರ್ ಹಾಳಾಗುವುದು ಓಡಿ ಸವೆದು ಮಾತ್ರವಲ್ಲ, ವಯಸ್ಸಾಗಿಯೂ ಹಾಳಾಗುತ್ತದೆ. ಗಾಳಿ, ಬಿಸಿಲು, ಶಾಖಕ್ಕೆ ರಬ್ಬರ್ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಗಟ್ಟಿಯಾದ ರಬ್ಬರ್ ಒದ್ದೆ ಡಾಂಬರನ್ನು ಹಿಡಿಯುವುದಿಲ್ಲ. ಬಟನ್ ನೋಡಲು ಹೊಸದರಂತಿದ್ದರೂ ಬ್ರೇಕ್ ಒತ್ತಿದಾಗ ಕಾರು ಜಾರುವುದು ಇದರಿಂದಲೇ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷವಾದರೆ ಹೇಗಿದ್ದರೂ ತೆಗೆದುಬಿಡಿ ಎಂದು ಕೆಲವು ಟೈರ್ ಕಂಪನಿಗಳೇ ಹೇಳುತ್ತವೆ. ಕೆಲವು ಕಾರು ಕಂಪನಿಗಳು ಆರು ವರ್ಷಕ್ಕೇ ಗೆರೆ ಎಳೆಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒಣಗುವುದನ್ನೇ ಕಾಣದ ನಮ್ಮ ಜಿಲ್ಲೆಗೆ ಆರು ವರ್ಷದ ಲೆಕ್ಕವೇ ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ.

ಕಾರು ತೆಗೆದುಕೊಂಡ ದಿನದಿಂದ ಎಣಿಸಬೇಡಿ, ಟೈರ್ ತಯಾರಾದ ದಿನದಿಂದ ಎಣಿಸಿ. ಟೈರಿನ ಪಕ್ಕದ ಗೋಡೆಯಲ್ಲಿ ಡಿಒಟಿ ಎಂದು ಶುರುವಾಗುವ ಅಕ್ಷರಗಳ ಸಾಲಿದ್ದರೆ, ಅದರ ಕೊನೆಗೆ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2418 ಎಂದಿದ್ದರೆ 2018ರ 24ನೇ ವಾರ, ಅಂದರೆ ಜೂನ್ ತಿಂಗಳಲ್ಲಿ ತಯಾರಾದದ್ದು. ಈ ಅಂಕಿ ಒಂದು ಬದಿಯಲ್ಲಿ ಮಾತ್ರ ಇರಬಹುದು. ಹೊರಗೆ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಿ. ಮುಂದಿನ ಚಕ್ರವಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಕೆಸರು ಒರೆಸಿ, ಟಾರ್ಚ್ ಬಿಟ್ಟರೆ ಕಾಣುತ್ತದೆ. ಟಾರ್ಚ್ ಕೈಯಲ್ಲಿರುವಾಗಲೇ ಬಟನ್ ನಡುವಿನ ಕಾಲುವೆಯ ತಳವನ್ನೂ ರಿಮ್ಮಿನ ಅಂಚನ್ನೂ ನೋಡಿ. ಕೂದಲೆಳೆಯಂಥ ಸೀಳುಗಳು ಸಾಲಾಗಿ ಕಂಡರೆ ವಯಸ್ಸು ಲೆಕ್ಕ ಹಾಕುತ್ತಾ ಕೂರುವುದೇ ಬೇಡ, ತೆಗೆಸಿ.

ಇನ್ನು ಬಟನ್ ವಿಷಯ. ಕಾರಿನ ಹೊಸ ಟೈರಿನಲ್ಲಿ ಕಾಲುವೆಯ ಆಳ ಸಾಮಾನ್ಯವಾಗಿ 8 ಮಿಲಿಮೀಟರ್ ಹತ್ತಿರ ಇರುತ್ತದೆ. ಕಾನೂನಿನ ಪ್ರಕಾರ ಅದು 1.6 ಮಿಲಿಮೀಟರ್‌ಗಿಂತ ಕಡಿಮೆಯಾಗುವಂತಿಲ್ಲ. ಕಾಲುವೆಯೊಳಗೆ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ, ಬಟನ್ ಸವೆದು ಆ ದಿಬ್ಬಕ್ಕೆ ಸಮವಾಯಿತೆಂದರೆ ಟೈರಿನ ಆಯುಸ್ಸು ಮುಗಿಯಿತು. ಅದು ಎಲ್ಲಿದೆ ಎಂದು ತೋರಿಸಲು ಟೈರಿನ ಭುಜದ ಮೇಲೆ ಪುಟ್ಟ ತ್ರಿಕೋನವನ್ನೋ ಟಿಡಬ್ಲ್ಯೂಐ ಎಂಬ ಅಕ್ಷರವನ್ನೋ ಅಚ್ಚು ಹಾಕಿರುತ್ತಾರೆ. ಆದರೆ ಕೊಡಗಿನಲ್ಲಿ 1.6ರವರೆಗೆ ಕಾಯುವುದು ಬೇಡ. ಕಾಲುವೆ ಇರುವುದೇ ಚಕ್ರದಡಿಯ ನೀರನ್ನು ಪಕ್ಕಕ್ಕೆ ದೂಡಲು. ಆಳ 3 ಮಿಲಿಮೀಟರ್‌ಗೆ ಇಳಿದ ಮೇಲೆ ಆ ಶಕ್ತಿ ಬೇಗ ಬೇಗ ಕುಂದುತ್ತದೆ. ಸಂಪಾಜೆ ಘಾಟಿಯ ಇಳಿಜಾರಿನಲ್ಲಿ, ಮಾಕುಟ್ಟದ ತಿರುವುಗಳಲ್ಲಿ ಮಣ್ಣು ಬೆರೆತ ನೀರು ರಸ್ತೆಗೆ ಅಡ್ಡ ಹರಿಯುತ್ತಿರುತ್ತದೆ. ಕುಶಾಲನಗರ ದಾಟಿ ಹುಣಸೂರಿನ ಕಡೆಯ ನೇರ ರಸ್ತೆಯಲ್ಲಿ ಅಪಾಯ ಬೇರೆ ತರಹದ್ದು: ವೇಗ ಹೆಚ್ಚಿ, ನಿಂತ ನೀರಿನ ಮೇಲೆ ಚಕ್ರ ತೇಲಿಬಿಟ್ಟರೆ ಆ ಕ್ಷಣಕ್ಕೆ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ. ಹಾಗಾಗಿ ಮೇ ತಿಂಗಳಲ್ಲಿ ಅಳತೆ ಮಾಡಿಸಿ, 3ರ ಹತ್ತಿರ ಬಂದಿದ್ದರೆ ಬದಲಾಯಿಸಿ.

ನಮ್ಮ ರಸ್ತೆಗಳಲ್ಲಿ ಟೈರ್ ಕೆಡುವ ಇನ್ನೊಂದು ರೀತಿಯಿದೆ, ಅದನ್ನು ಗಮನಿಸುವವರು ಕಡಿಮೆ. ಕಿರಿದಾದ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದಾಗ ಎಡಗಡೆ ಚಕ್ರವನ್ನು ಡಾಂಬರಿನಿಂದ ಕೆಳಗಿಳಿಸುತ್ತೇವೆ. ಮಳೆಗೆ ಅಂಚಿನ ಮಣ್ಣು ಕೊಚ್ಚಿಹೋಗಿ ಡಾಂಬರು ಮೆಟ್ಟಿಲಿನಂತೆ ಎದ್ದಿರುತ್ತದೆ. ಇಳಿಯುವಾಗ, ಮತ್ತೆ ಹತ್ತುವಾಗ ಟೈರಿನ ಪಕ್ಕದ ಗೋಡೆ ಆ ಚೂಪು ಅಂಚಿಗೆ ಉಜ್ಜುತ್ತದೆ, ಒಮ್ಮೊಮ್ಮೆ ರಿಮ್ಮಿಗೂ ಡಾಂಬರಿಗೂ ನಡುವೆ ಸಿಕ್ಕಿ ಜಜ್ಜುತ್ತದೆ. ಒಳಗಿನ ನೂಲು ಹರಿದರೆ ಅಲ್ಲಿ ಗೋಡೆ ಗುಳ್ಳೆಯಂತೆ ಉಬ್ಬುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಎಂಬುದೇ ಇಲ್ಲ, ಒಂದೇ ವಾರದ ಹಿಂದೆ ಹಾಕಿಸಿದ್ದಾದರೂ ತೆಗೆಯಲೇಬೇಕು. ಎಡಗಡೆಯ ಎರಡೂ ಚಕ್ರಗಳ ಪಕ್ಕದ ಗೋಡೆಯನ್ನು, ಮುಖ್ಯವಾಗಿ ಡಾಂಬರಿನ ಅಂಚಿಗೆ ತಾಗುವ ಒಳಬದಿಯನ್ನು, ಅಂಗೈಯಿಂದ ಸವರಿ ನೋಡಿ. ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. ಪಂಕ್ಚರ್ ಕೂಡ ಅಷ್ಟೇ: ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಹೊಕ್ಕಿದ್ದರೆ ಹಾಕಿಸಬಹುದು, ಪಕ್ಕದ ಗೋಡೆಯಲ್ಲಾದರೆ ಹಾಕಿಸಬಾರದು.

ಗಾಳಿಯನ್ನು ಟೈರ್ ತಣ್ಣಗಿರುವಾಗ ನೋಡಿಸಬೇಕು. ಎಷ್ಟು ಹಾಕಬೇಕೆಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರಿನಲ್ಲಿರುತ್ತದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ಹಾಕಿಸಬಾರದು. ಮಂಗಳೂರಿನಿಂದ ಮಡಿಕೇರಿಗೆ ಹತ್ತಿ ಬಂದರೆ ಗಾಳಿ ತೆಗೆಸಬೇಕೇ ಎಂದು ಹಲವರು ಕೇಳುತ್ತಾರೆ. ಬೇಡ. ಎತ್ತರಕ್ಕೆ ಬಂದಾಗ ಗೇಜಿನಲ್ಲಿ ಸುಮಾರು 2 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚು ತೋರಿಸಬೇಕು, ಮೇಲಿನ ತಂಪು ಅದರ ಬಹುಪಾಲನ್ನು ಇಳಿಸುತ್ತದೆ. ಗಾಳಿ ಕಡಿಮೆಯಾಗಿಯೇ ಓಡಿಸಿದರೆ ಎರಡೂ ಅಂಚು ಸವೆಯುತ್ತದೆ, ಹೆಚ್ಚಾದರೆ ನಡುಭಾಗ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನೇರವಾಗಿ ಕೂತಿವೆಯೇ ಎಂದು ನೋಡಿಸಿ.

ನಾಲ್ಕಕ್ಕೂ ಒಟ್ಟಿಗೆ ದುಡ್ಡು ಹೊಂದಿಸುವುದು ಕಷ್ಟವಾದರೆ ಸದ್ಯಕ್ಕೆ ಎರಡು ಹಾಕಿಸಿ, ಆ ಎರಡನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಎಂಜಿನ್ ಎಳೆಯುವುದು ಮುಂದಿನ ಚಕ್ರವಲ್ಲವೇ ಎಂದು ಅಂಗಡಿಯಲ್ಲಿ ವಾದ ಬರಬಹುದು. ಮುಂದಿನ ಚಕ್ರ ಜಾರಿದರೆ ಕಾಲು ಸಡಿಲಿಸಿ ವೇಗ ಇಳಿಸಿ ಸುಧಾರಿಸಿಕೊಳ್ಳಲು ಅವಕಾಶವಿದೆ. ತಿರುವಿನಲ್ಲಿ ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿಯುವುದು ಬಹಳ ಕಷ್ಟ. ಹೊಸ ಟೈರ್ ಕೊಳ್ಳುವಾಗಲೂ ಆ ನಾಲ್ಕು ಅಂಕಿ ನೋಡಿಯೇ ಕೊಳ್ಳಿ. ಎರಡು ಮೂರು ವರ್ಷ ಗೋಡೌನಿನಲ್ಲಿದ್ದ ಟೈರಿಗೆ ಹೊಸದರ ಬೆಲೆ ಕೊಡಬೇಡಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ನಿಮ್ಮ ಕಾರಿನಷ್ಟೇ ವಯಸ್ಸು, ಅದಕ್ಕೆ ಗಾಳಿ ಹಾಕಿಸಿ ಎಷ್ಟು ಕಾಲವಾಯಿತೆಂದು ನೋಡಿ.

ಹಳೆಯ ಟೈರ್‌ಗಳನ್ನು ಮಾತ್ರ ತೋಟಕ್ಕೆ ತರಬೇಡಿ. ಮಳೆ ನೀರು ನಿಂತು ಡೆಂಗಿ ಸೊಳ್ಳೆ ಮರಿ ಮಾಡುವುದು ಅದರೊಳಗೇ, ಸುಟ್ಟರೆ ಹೊಗೆ ವಿಷ. ಅಂಗಡಿಯಲ್ಲೇ ಬಿಟ್ಟು ಬನ್ನಿ.