ಆಟಿಯಲ್ಲಿ ಸ್ಯಾಡಲ್ ಉಜ್ಜಬೇಡಿ

ಜುಲೈ ಬಂತು, ತುಳುವರ ಮಳೆಗಾಲದ ತಿಂಗಳು ಆಟಿ ಹಿಡಿಯಿತು ಎಂದರೆ ನನ್ನ ಮೇಜಿನ ಮೇಲೆ ಸ್ಪೀಕರಿಗೆ ಜೋಡಿಸಿ ನುಡಿಸಬಹುದಾದ ಎಲೆಕ್ಟ್ರೋ-ಅಕೌಸ್ಟಿಕ್ ಗಿಟಾರ್‌ಗಳು ಸಾಲಾಗಿ ಮಲಗಿರುತ್ತವೆ. ಎಲ್ಲದರ ದೂರೂ ಒಂದೇ. ತಂತಿ ಮೇಲೆದ್ದಿದೆ, ಒತ್ತಿದರೆ ಬೆರಳು ಉರಿಯುತ್ತದೆ, ತಂತಿಗಳನ್ನು ಹೊರುವ ಆ ಸಣ್ಣ ಪಟ್ಟಿ, ಸ್ಯಾಡಲ್, ಸ್ವಲ್ಪ ಉಜ್ಜಿ ಕೊಡಿ. ಈಗ ಉಜ್ಜುವುದಿಲ್ಲ ಎನ್ನುತ್ತೇನೆ. ಕೆಲವರು ಮುಖ ಸಪ್ಪೆ ಮಾಡಿಕೊಂಡು ಹೋಗಿ ಮನೆಯಲ್ಲಿ ತಾವೇ ಉಜ್ಜುತ್ತಾರೆ. ಫೆಬ್ರವರಿಯಲ್ಲಿ ಅದೇ ಗಿಟಾರ್ ತಿರುಗಿ ಬರುತ್ತದೆ. ಆಗ ದೂರು ಎರಡು: ತಂತಿ ಕತ್ತಿನ ಮೇಲಿನ ಲೋಹದ ಗೆರೆಗೆ, ಅಂದರೆ ಫ್ರೆಟ್‌ಗೆ ತಾಗಿ ಝರ್ ಎನ್ನುತ್ತದೆ, ಮತ್ತೆ, ತಂತಿಯ ಅದುರನ್ನು ವಿದ್ಯುತ್ ಮಾಡಿ ಸ್ಪೀಕರಿಗೆ ಕಳಿಸುವ ಪಿಕಪ್ ಹಾಳಾಗಿದೆ.

ಪಿಕಪ್ ಹಾಳಾಗಿರುವುದಿಲ್ಲ.

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಿಟಾರ್‌ನ ಮರಕ್ಕೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಆಟಿಯಲ್ಲಿ ನಮ್ಮ ಕೋಣೆಯೊಳಗೆ ಮೀಟರ್ ಇಟ್ಟರೆ 85 ದಾಟುವುದು ಮಾಮೂಲು. ಗಿಟಾರ್‌ನ ಮುಂದಿನ ಹಲಗೆ ಹೆಚ್ಚೆಂದರೆ 3 ಮಿಲಿಮೀಟರ್ ದಪ್ಪ. ತೇವ ಕುಡಿದ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ. ಅಂಚೆಲ್ಲ ಸುತ್ತಲಿನ ಚೌಕಟ್ಟಿಗೆ ಅಂಟಿರುವುದರಿಂದ ಪಕ್ಕಕ್ಕೆ ಹೋಗಲು ಜಾಗವಿಲ್ಲ. ಹಾಗಾಗಿ ನಡುವೆ ಉಬ್ಬುತ್ತದೆ. ಅದರ ಮೇಲೆ ಅಂಟಿಸಿದ ಮರದ ತುಂಡು ಬ್ರಿಡ್ಜ್, ಬ್ರಿಡ್ಜ್ ಒಳಗಿನ ಸ್ಯಾಡಲ್, ಸ್ಯಾಡಲ್ ಮೇಲಿನ ತಂತಿ ಎಲ್ಲವೂ ಒಟ್ಟಿಗೆ ಮೇಲೇಳುತ್ತವೆ, ಬೇಸಿಗೆಯಲ್ಲಿ ಹಲಗೆ ಒಣಗಿದಾಗ ತಿರುಗಿ ಇಳಿಯುತ್ತವೆ. ಪ್ಲೈವುಡ್ ಹಲಗೆಯ ಗಿಟಾರ್ ಕಡಿಮೆ ಉಬ್ಬುತ್ತದೆ, ಒಂದೇ ಮರದ ಹಲಗೆಯದ್ದು ಜಾಸ್ತಿ. ದುಬಾರಿ ಗಿಟಾರ್ ಕೊಂಡವರೇ ಜಾಸ್ತಿ ಗಾಬರಿಯಾಗಿ ಬರುವುದು ಇದೇ ಕಾರಣಕ್ಕೆ.

ಮಳೆಗಾಲದಲ್ಲಿ ಬಾಗಿಲು ಹಾಕಲಾಗುವುದಿಲ್ಲ ಎಂದು ಆಚಾರಿಯನ್ನು ಕರೆಸಿ ಕೀಸುಳಿ ಹಾಕಿಸಿದ ಮನೆಗಳನ್ನು ನೀವೂ ನೋಡಿರುತ್ತೀರಿ. ಬೇಸಿಗೆಯಲ್ಲಿ ಆ ಸಂದಿಯಲ್ಲಿ ಬೆಕ್ಕು ನುಗ್ಗುತ್ತದೆ. ಆದರೂ ಬಾಗಿಲಿಗೆ ಒಂದು ಪಟ್ಟಿ ಹೊಡೆದರೆ ಕೆಲಸ ನಡೆಯುತ್ತದೆ. ಸ್ಯಾಡಲ್‌ನಲ್ಲಿ ಹಾಗಲ್ಲ, ಯಾಕೆಂದು ಹೇಳುತ್ತೇನೆ. ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆ ಆಡಿಸಿ ಮರೆಯುತ್ತಾರೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಿಮ್ಮ ಗಿಟಾರ್‌ನಲ್ಲಿ ಪಿಕಪ್ ಎಲ್ಲಿದೆ? ಹೆಚ್ಚಿನವರು ಬದಿಯಲ್ಲಿರುವ ಗುಂಡಿಗಳ ಡಬ್ಬಿಯನ್ನು ತೋರಿಸುತ್ತಾರೆ. ಅದು ಪ್ರೀಆಂಪ್, ಪಿಕಪ್ ಕೊಟ್ಟದ್ದನ್ನು ಹಿಗ್ಗಿಸುವ ಡಬ್ಬಿ. ಪಿಕಪ್ ಇರುವುದು ಸ್ಯಾಡಲ್‌ನ ಅಡಿಯಲ್ಲಿ, ಒಂದು ತೆಳು ಪಟ್ಟಿ. ಪೀಜೋ ಎನ್ನುತ್ತಾರೆ. ಅದು ಗಾಳಿಯ ಶಬ್ದ ಕೇಳುವುದಿಲ್ಲ, ಒತ್ತಡವನ್ನು ಮಾತ್ರ ಕೇಳುತ್ತದೆ. ತಂತಿ ಅದುರಿದಾಗ ಸ್ಯಾಡಲ್ ಆ ಪಟ್ಟಿಯನ್ನು ಅದುಮುತ್ತದೆ, ಅದುಮಿದಷ್ಟು ವಿದ್ಯುತ್ ಹುಟ್ಟುತ್ತದೆ. 1954ರ ಗಿಬ್ಸನ್ ಜೆ-160ಇ ಥರದ ಗಿಟಾರ್‌ಗಳಲ್ಲಿ ಪಿಕಪ್ ಆಯಸ್ಕಾಂತದ್ದು, ಕತ್ತಿನ ತುದಿಯಲ್ಲಿ ಇತ್ತು. ಅಲ್ಲಿ ಸ್ಯಾಡಲ್‌ನ ಅಡಿ ಸೊಟ್ಟಗಿದ್ದರೂ ಆಂಪ್‌ಗೆ ಅಷ್ಟೇನೂ ತಿಳಿಯುತ್ತಿರಲಿಲ್ಲ. ಇವತ್ತು ನಿಮ್ಮ ಕೈಯಲ್ಲಿರುವುದರಲ್ಲಿ ಸ್ಯಾಡಲ್ ಎನ್ನುವುದು ಅರ್ಧ ಪಿಕಪ್. ಅದರ ಅಡಿ ಪಟ್ಟಿಯ ಉದ್ದಕ್ಕೂ ಒಂದೇ ಸಮ ಕೂರಬೇಕು. ಕೂದಲೆಳೆಯಷ್ಟು ಸಂದಿಯಿದ್ದರೂ ಆ ಜಾಗದ ತಂತಿ ಸ್ಪೀಕರ್‌ನಲ್ಲಿ ಸಣ್ಣಗಾಗುತ್ತದೆ. ಕೇಬಲ್ ಇಲ್ಲದೆ ನುಡಿಸಿದರೆ ಮಾತ್ರ ಎಲ್ಲವೂ ಸರಿಯಾಗಿ ಕೇಳುತ್ತದೆ. ಜನ ಪಿಕಪ್ ಮೇಲೆ ಅಪವಾದ ಹೊರಿಸುವುದು ಇದಕ್ಕೇ.

ಇನ್ನೊಂದು ಲೆಕ್ಕವಿದೆ. ಹನ್ನೆರಡನೇ ಫ್ರೆಟ್‌ನಲ್ಲಿ ತಂತಿ 1 ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ 2 ಮಿಲಿಮೀಟರ್ ತೆಗೆಯಬೇಕು, ಯಾಕೆಂದರೆ ಆ ಫ್ರೆಟ್ ಇರುವುದು ತಂತಿಯ ನಟ್ಟ ನಡುವೆ. ಬ್ರಿಡ್ಜ್‌ನಿಂದ ಮೇಲೆ ಕಾಣುವ ಸ್ಯಾಡಲ್ ಇರುವುದೇ ಮೂರು ನಾಲ್ಕು ಮಿಲಿಮೀಟರ್. ಅದರಲ್ಲಿ ಎರಡು ಹೋದರೆ ತಂತಿ ಸ್ಯಾಡಲ್ ಮೇಲಿಂದ ಬಾಗಿ ಇಳಿಯುವ ಕೋನ ಸತ್ತುಹೋಗುತ್ತದೆ. ಕೋನ ಹೋದರೆ ಕೆಳಮುಖದ ಒತ್ತಡ ಹೋಯಿತು, ಒತ್ತಡ ಹೋದರೆ ಪೀಜೋಗೆ ಕೆಲಸವಿಲ್ಲ. ಆಮೇಲೆ ಪ್ರೀಆಂಪ್‌ನಲ್ಲಿ ವಾಲ್ಯೂಮ್ ಏರಿಸುತ್ತೀರಿ, ಸ್ಪೀಕರ್ ಕುಂಯ್ ಎನ್ನುತ್ತದೆ, ಸೌಂಡ್‌ನವನ ಜೊತೆ ಜಗಳ.

ಬೇಳದ ಕಡೆಯ ಒಬ್ಬ ಹುಡುಗ ಚರ್ಚಿನ ಗಾಯನ ತಂಡದಲ್ಲಿ ನುಡಿಸುತ್ತಾನೆ. ಮೇರಿ ಮಾತೆಯ ಹುಟ್ಟುಹಬ್ಬವಾದ ಮೊಂತಿ ಹಬ್ಬ ಹತ್ತಿರ ಬಂದಿತ್ತು, ಸೆಪ್ಟೆಂಬರ್ 8ಕ್ಕೆ. ಒಂದನೇ ಮತ್ತು ಆರನೇ ತಂತಿ ಸ್ಪೀಕರ್‌ನಲ್ಲಿ ಕೇಳುತ್ತಲೇ ಇಲ್ಲ, ನಡುವಿನವು ಅಬ್ಬರಿಸುತ್ತವೆ. ಕೇಬಲ್ ಬದಲಿಸಿದ್ದ, ಬ್ಯಾಟರಿ ಬದಲಿಸಿದ್ದ. ಕೊನೆಗೆ ಒಂದು ಅಂಗಡಿಯಲ್ಲಿ ಹೊಸ ಪಿಕಪ್ಪೇ ಹಾಕಿಸಿದ್ದ. ಹೊಸದರಲ್ಲೂ ಅದೇ ಕಥೆ. ನಾನು ಸ್ಯಾಡಲ್ ಕಿತ್ತು ಗಾಜಿನ ತುಂಡಿನ ಮೇಲೆ ನಿಲ್ಲಿಸಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿದೆ. ಎರಡೂ ತುದಿಯಲ್ಲಿ ಬೆಳಕು ನುಸುಳಿತು, ನಡುವೆ ಮಾತ್ರ ಕತ್ತಲೆ. ಎಲ್ಲಿ ಉಜ್ಜಿದ್ದು ಎಂದು ಕೇಳಿದರೆ, ಸಿಮೆಂಟ್ ಜಗಲಿಯಲ್ಲಿ ಸ್ಯಾಂಡ್ ಪೇಪರ್ ಹಾಸಿ, ಎರಡು ಬೆರಳಲ್ಲಿ ಹಿಡಿದು. ಹಾಗೆ ಹಿಡಿದರೆ ಕೈ ತೂಗುತ್ತದೆ, ಅಡಿ ದೋಣಿಯ ಹಾಗೆ ಆಗದೆ ಇನ್ನೇನಾಗುತ್ತದೆ? ತುಳುವಿನಲ್ಲಿ ಚೆನ್ನಾಗಿಯೇ ಬೈದೆ. ನಗುತ್ತಾ ನಿಂತಿದ್ದ. ಅವನ ಮೇಲೆ ಸಿಟ್ಟು ಮಾಡುವುದೂ ಕಷ್ಟ, ಒಳ್ಳೆಯ ಕೈ ಅವನದ್ದು. ಮೂಳೆಯ ಹೊಸ ಸ್ಯಾಡಲ್ ಕಡಿದು ಕೂರಿಸಿದ ಮೇಲೆ ಆರೂ ತಂತಿ ಸಮ ಬಂತು. ಹಾಗಾದರೆ ಹಳೆಯ ಪಿಕಪ್ ಸರಿ ಇತ್ತಾ ಎಂದು ಕೇಳಿದ. ಅದನ್ನು ಬಿಸಾಡಬೇಡ ಎಂದಷ್ಟೇ ಹೇಳಿದೆ.

ಹಾಗಾದರೆ ಮಳೆಗಾಲದಲ್ಲಿ ಬೆರಳು ಉರಿಸಿಕೊಂಡೇ ನುಡಿಸಬೇಕಾ? ಬೇಡ. ಮೊದಲು ಗಿಟಾರನ್ನು ಕೆಂಪುಕಲ್ಲಿನ ಹೊರಗೋಡೆಗೆ ಒರಗಿಸುವುದು ನಿಲ್ಲಿಸಿ. ಆ ಗೋಡೆ ಆಟಿಯಿಡೀ ಬೆವರುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ, ಆಗಾಗ ಬಿಸಿ ಮಾಡಿ ಒಣಗಿಸಿ. ಹಾಕಿ ಮರೆತರೆ ಅದು ಬರೀ ಪೊಟ್ಟಣ. 12 ಗೇಜ್ ದಪ್ಪದ ತಂತಿ ಹಾಕಿದ್ದರೆ ತೆಳುವಾದ 11ಕ್ಕೆ ಇಳಿಯಿರಿ. 12ರ ಸೆಟ್ ಹಲಗೆಯನ್ನು 70 ಕಿಲೋಗಿಂತ ಹೆಚ್ಚಿನ ಬಲದಲ್ಲಿ ಎಳೆಯುತ್ತದೆ, ಅದು ಕಡಿಮೆಯಾದರೆ ಉಬ್ಬು ಸ್ವಲ್ಪ ಇಳಿದೀತು. ಎಲ್ಲ ಗಿಟಾರ್‌ನಲ್ಲೂ ಸಾಕಾಗುತ್ತದೆ ಎಂದು ಮಾತು ಕೊಡಲಾರೆ. ಕತ್ತಿನೊಳಗಿನ ಲೋಹದ ಸಲಾಕೆ, ಟ್ರಸ್ ರಾಡ್, ಇರುವುದು ಕತ್ತಿನ ಬಾಗು ಸರಿಪಡಿಸಲು, ಹಲಗೆಯ ಉಬ್ಬನ್ನು ಅದು ಇಳಿಸುವುದಿಲ್ಲ. ಸುಮ್ನೆ ತಿರುಗಿಸಬೇಡಿ.

ಕಾಯಬಾರದ ಒಂದು ಸಂದರ್ಭ ಇದೆ. ಬ್ರಿಡ್ಜ್‌ನ ಹಿಂಬದಿಯಲ್ಲಿ ಒಂದು ಹಾಳೆ ಕಾಗದ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡುತ್ತಿದೆ ಎಂದರ್ಥ. ತಕ್ಷಣ ತಂತಿ ಸಡಿಲಿಸಿ ಬಲ್ಲವರ ಹತ್ತಿರ ತನ್ನಿ.

ವರ್ಷವಿಡೀ ವೇದಿಕೆಯಲ್ಲಿ ನುಡಿಸುವವರಿಗೆ ನಾನು ಎರಡು ಸ್ಯಾಡಲ್ ಮಾಡಿಕೊಡುತ್ತೇನೆ. ಮಳೆಗಾಲಕ್ಕೆ ಗಿಡ್ಡದ್ದು, ಬೇಸಿಗೆಗೆ ಎತ್ತರದ್ದು, ಎರಡರ ಅಡಿಯೂ ಸಮತಟ್ಟು. ಗಿಡ್ಡದ್ದರಲ್ಲೂ ಕೋನ ಉಳಿಯುತ್ತದೆ, ಯಾಕೆಂದರೆ ಉಬ್ಬಿದ್ದಷ್ಟನ್ನು ಮಾತ್ರ ಇಳಿಸಿರುತ್ತೇನೆ. ನಿವೃತ್ತ ಮೇಷ್ಟ್ರೊಬ್ಬರು ಅವುಗಳ ಬದಿಯಲ್ಲಿ ಪೆನ್ಸಿಲ್‌ನಿಂದ ಮ, ಬೇ ಎಂದು ಬರೆದುಕೊಂಡಿದ್ದಾರೆ. ಬದಲಿಸುವುದು ಕಷ್ಟದ ಕೆಲಸವೇನಲ್ಲ. ತಂತಿ ಪೂರ್ತಿ ಸಡಿಲಿಸಿ, ಸ್ಯಾಡಲ್ ನೇರಕ್ಕೆ ಮೇಲೆತ್ತಿ. ಪೀಜೋ ಪಟ್ಟಿ ಅಂಟಿಕೊಂಡು ಜೊತೆಗೇ ಎದ್ದು ಬಂದರೆ ಅಲ್ಲೇ ನಿಲ್ಲಿಸಿ, ಎಳೆಯಬೇಡಿ. ಅದರ ವಯರ್ ತುಂಬಾ ನಾಜೂಕು. ಅದು ತುಂಡಾದರೆ ಮಾತ್ರ ನಿಮ್ಮ ಪಿಕಪ್ ನಿಜವಾಗಿಯೂ ಹೋಗಿರುತ್ತದೆ.