ಇಲಿ ಕೈಕೊಟ್ಟಿತು, ಕೋಳಿ ಕಾಪಾಡಿತು

ಹಣ್ಣಿನ ರಸ ಮಂಕಾಗುವುದು ಅದರಲ್ಲಿರುವ ಪೆಕ್ಟಿನ್ ಎಂಬ ಅಂಟು ವಸ್ತುವಿನಿಂದ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಎಂಬ ಔಷಧಿಗಳಿಗೆ ಮುಂದೆ ದಾರಿ ತೋರಿದ ಅಕಿರಾ ಎಂಡೊ, 1957ರಲ್ಲಿ ಜಪಾನಿನ ಸಾಂಕ್ಯೊ ಎಂಬ ಔಷಧ ಕಂಪನಿ ಸೇರಿ ಮೊದಲು ಹುಡುಕಿದ್ದು ಈ ಪೆಕ್ಟಿನ್ ಒಡೆಯುವ ಕಿಣ್ವವನ್ನು. ಅದು ಸಿಕ್ಕಿದ್ದು ಒಂದು ಶಿಲೀಂಧ್ರದಲ್ಲಿ. ಆಮೇಲೆ ಎರಡು ವರ್ಷ ನ್ಯೂಯಾರ್ಕ್‌ನಲ್ಲಿದ್ದು, ಅಲ್ಲಿ ಹೃದಯಾಘಾತ ಎಷ್ಟು ಜಾಸ್ತಿ ಅಂತ ಕಣ್ಣಾರೆ ಕಂಡು ಬಂದರು.

ನಮ್ಮ ಮೈಯಲ್ಲಿರುವ ಕೊಲೆಸ್ಟ್ರಾಲ್ ಬರೀ ಊಟದಿಂದ ಬರುವುದಲ್ಲ, ಮೈಯೇ ತಯಾರಿಸುತ್ತದೆ. ಅದಕ್ಕೆ ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವ ಬೇಕೇ ಬೇಕು. ಬೇರೆ ಸೂಕ್ಷ್ಮಜೀವಿಗಳಿಗೂ ಬದುಕಲು ಬೇಕಾದ ವಸ್ತುಗಳನ್ನು ತಯಾರಿಸಲು ಇಂಥದ್ದೇ ದಾರಿ ಬೇಕಲ್ವಾ, ಹಾಗಾದರೆ ಅವುಗಳನ್ನು ಮಟ್ಟಹಾಕಲು ಯಾವುದಾದರೂ ಬೂಷ್ಟು ಈ ಕಿಣ್ವವನ್ನೇ ತಡೆಯುವ ವಸ್ತು ತಯಾರಿಸುತ್ತಿರಬೇಕು ಎಂದು ಎಂಡೊ ಲೆಕ್ಕ ಹಾಕಿದರು. ಬರೀ ಊಹೆ, ಅಷ್ಟೇ.

1971ರಲ್ಲಿ ಹುಡುಕಾಟ ಶುರುವಾಯಿತು. ಬೂಷ್ಟನ್ನು ದ್ರವದಲ್ಲಿ ಬೆಳೆಸುವುದು, ಆ ದ್ರವವನ್ನು ಇಲಿಯ ಲಿವರ್ ಅರೆದು ತೆಗೆದ ಸಾರಕ್ಕೆ ಸೇರಿಸುವುದು, ಕೊಲೆಸ್ಟ್ರಾಲ್ ತಯಾರಿ ನಿಂತಿತೇ ಅಂತ ನೋಡುವುದು. ಎರಡು ವರ್ಷದಲ್ಲಿ ಸುಮಾರು 6,000 ಸಲ ಇದೇ ಕೆಲಸ. ಮೊದಲು ಸಿಕ್ಕ ಸಿಟ್ರಿನಿನ್ ಎಂಬ ವಸ್ತು ಕಿಡ್ನಿಗೆ ವಿಷ. ಕೊನೆಗೆ ಕೈಹಿಡಿದದ್ದು ಕ್ಯೋಟೊದ ಅಕ್ಕಿಯಲ್ಲಿ ಸಿಕ್ಕಿದ ಪೆನಿಸಿಲಿಯಂ ಸಿಟ್ರಿನಂ ಎಂಬ ಬೂಷ್ಟು. 1973ರಲ್ಲಿ ಅದರಿಂದ ಕಾಂಪ್ಯಾಕ್ಟಿನ್ ಎಂಬ ವಸ್ತು ಬೇರೆಯಾಯಿತು. ಅದರ ಒಂದು ತುದಿ ಕಿಣ್ವ ಕಾಯುತ್ತಿರುವ ಎಚ್‌ಎಂಜಿ ಎಂಬ ಕಚ್ಚಾವಸ್ತುವಿನ ಥರವೇ ಇದೆ, ಹಾಗಾಗಿ ಸುಮ್ನೆ ಹೋಗಿ ಅದರ ಜಾಗದಲ್ಲಿ ಕೂತುಬಿಡುತ್ತದೆ.

ಜೀವಂತ ಇಲಿಗೆ ಕೊಟ್ಟರೆ? ಏನೂ ಆಗಲಿಲ್ಲ! ಇಲಿಯ ಲಿವರ್ ಸಾರದಲ್ಲಿ ಗೆದ್ದ ವಸ್ತು ಇಲಿಯಲ್ಲೇ ಸೋತಿತು. ತಡೆದಷ್ಟೂ ಇಲಿಯ ಲಿವರ್ ಆ ಕಿಣ್ವವನ್ನು ಇನ್ನೂ ಜಾಸ್ತಿ ತಯಾರಿಸುತ್ತಿತ್ತು, ಆದರೆ ಅದು ಗೊತ್ತಾಗಿದ್ದು ಆಮೇಲೆ. ಅಲ್ಲಿಗೇ ಫೈಲ್ ಮುಚ್ಚಬಹುದಿತ್ತು. 1976ರಲ್ಲಿ ಎಂಡೊ ಕೋಳಿಗಳ ಮೇಲೆ ಪ್ರಯೋಗ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬರನ್ನು ಅದನ್ನು ಕೋಳಿಗೆ ಕೊಟ್ಟು ನೋಡಲು ಒಪ್ಪಿಸಿದರು. ಮೊಟ್ಟೆಗೆ ಅಷ್ಟೊಂದು ಕೊಲೆಸ್ಟ್ರಾಲ್ ತುಂಬುವ ಕೋಳಿಯ ರಕ್ತದಲ್ಲೂ ಅದು ಜಾಸ್ತಿಯೇ ಇರಬೇಕು ಅನ್ನುವುದು ಅವರ ತರ್ಕ, ನನಗಂತೂ ಇಡೀ ಕತೆಯಲ್ಲಿ ಇಷ್ಟವಾಗುವುದು ಇದೇ. ಕೋಳಿಗಳ ಕೊಲೆಸ್ಟ್ರಾಲ್ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ನಾಯಿ, ಕೋತಿಗಳಲ್ಲೂ ಇಳಿಯಿತು.

1978ರಲ್ಲಿ ಒಸಾಕಾದಲ್ಲಿ ರೋಗಿಗಳಿಗೂ ಕೊಟ್ಟರು. ಆದರೆ ನಾಯಿಗಳಲ್ಲಿ ಕ್ಯಾನ್ಸರ್ ಕಂಡಿತೆಂಬ ಅನುಮಾನದಿಂದ 1980ರಲ್ಲಿ ಸಾಂಕ್ಯೊ ಕೈಬಿಟ್ಟಿತು. ಅಷ್ಟರಲ್ಲಿ ಅಮೆರಿಕದ ಮರ್ಕ್ ಕಂಪನಿಗೆ ಬೇರೊಂದು ಬೂಷ್ಟಿನಲ್ಲಿ ಲೋವಸ್ಟಾಟಿನ್ ಎಂಬ ಇದೇ ಬಗೆಯ ವಸ್ತು ಸಿಕ್ಕಿತ್ತು. 1987ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ಮೊದಲ ಸ್ಟಾಟಿನ್ ಅದೇ. ಕಾಂಪ್ಯಾಕ್ಟಿನ್ ಮಾತ್ರೆಯಾಗಿ ಅಂಗಡಿಗೆ ಬರಲೇ ಇಲ್ಲ. 1989ರಲ್ಲಿ ಸಾಂಕ್ಯೊ ಮಾರಿದ್ದು ಪ್ರಾವಸ್ಟಾಟಿನ್, ಅಂದರೆ ಅದೇ ಕಾಂಪ್ಯಾಕ್ಟಿನ್‌ಗೆ ಒಂದು ಬ್ಯಾಕ್ಟೀರಿಯಾದ ಕೈಯಲ್ಲಿ ಒಂದೇ ಒಂದು ಆಮ್ಲಜನಕದ ಪರಮಾಣು ಸೇರಿಸಿ ತಯಾರಿಸಿದ್ದು.